ಇಬ್ಬರ ಬೇಡಿಕೆಗೆ ಒಂದೇ ಸಂದೇಶ

ರಾತ್ರಿ ಎಂಟರ ಹೊತ್ತಿಗೆ ಹಲವರು ಒಟ್ಟಿಗೆ ವಿಡಿಯೊ ನೋಡಲು ಕುಳಿತರೆ ಜಾಲದಲ್ಲಿ ದಟ್ಟಣೆ ಉಂಟಾಗುತ್ತದೆ. ಬೆಳಗಿನ ಜಾವ ಅದೇ ಜಾಲ ಬಹುಪಾಲು ಖಾಲಿ. ಈ ಬಿಡುವಿನಲ್ಲಿ ಜನಪ್ರಿಯ ಕಡತಗಳ ಭಾಗಗಳನ್ನು ಬಳಕೆದಾರರ ಬಳಿಯ ಸ್ಮೃತಿಯಲ್ಲಿ ತುಂಬಿಡುವುದೇ ಕ್ಯಾಶಿಂಗ್. ಆದರೆ ಯಾರು ಯಾವ ಕಡತ ಕೇಳುತ್ತಾರೆಂಬುದು ಮೊದಲೇ ತಿಳಿಯದು. ಹಾಗಾದರೆ, ತುಂಬಿಟ್ಟರೂ ಬೇಡವಾದ ಭಾಗಗಳು ವ್ಯರ್ಥವೆ? ಅಲ್ಲವೆಂದು ಬೆಲ್ ಲ್ಯಾಬ್ಸ್‌ನ ಮೊಹಮ್ಮದ್ ಅಲಿ ಮದ್ದಾ-ಅಲಿ ಮತ್ತು ಉರ್ಸ್ ನೀಸನ್ 2014ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ತೋರಿಸಿದರು.

ಒಂದು ಸರಳ ಉದಾಹರಣೆ ನೋಡೋಣ. ಸರ್ವರ್‌ನಲ್ಲಿ ಅ, ಬ ಎಂಬ ಎರಡು ಸಮಗಾತ್ರದ ಕಡತಗಳಿವೆ. ಗೀತಾ ಮತ್ತು ರಹೀಂ ಇಬ್ಬರು ಬಳಕೆದಾರರು. ಪ್ರತಿಯೊಬ್ಬರ ಸ್ಮೃತಿಯಲ್ಲಿ ಒಂದು ಕಡತದಷ್ಟು ಜಾಗವಿದೆ. ಸರ್ವರ್ ಕಳುಹಿಸಿದ್ದು ಇಬ್ಬರಿಗೂ ತಲಪುತ್ತದೆ. ಪ್ರತಿ ಕಡತವನ್ನು ಎರಡು ಸಮಭಾಗ ಮಾಡಿ, ಗೀತಾಳಲ್ಲಿ ಅ1, ಬ1 ಭಾಗಗಳನ್ನೂ ರಹೀಂನಲ್ಲಿ ಅ2, ಬ2 ಭಾಗಗಳನ್ನೂ ಇಡೋಣ. ಈಗ ಗೀತಾಳಿಗೆ ಅ ಬೇಕು, ರಹೀಂನಿಗೆ ಬ ಬೇಕು. ಅ2, ಬ1 ಭಾಗಗಳನ್ನು ಬೇರೆ ಬೇರೆಯಾಗಿ ಕಳುಹಿಸಿದರೆ ಒಟ್ಟು ಒಂದು ಕಡತದಷ್ಟು ರವಾನೆ ಆಗುತ್ತದೆ.

ಇದರ ಬದಲು ಎರಡನ್ನೂ ಎಕ್ಸ್-ಆರ್ ಕ್ರಿಯೆಯಿಂದ ಬೆರೆಸೋಣ. ಇದರಲ್ಲಿ ಎರಡು ಬಿಟ್‌ಗಳು ಒಂದೇ ಆಗಿದ್ದರೆ 0, ಬೇರೆಯಾಗಿದ್ದರೆ 1. ಅ2 = 1011, ಬ1 = 0110 ಆಗಿದ್ದರೆ ಕಳುಹಿಸಬೇಕಾದದ್ದು 1101. ಗೀತಾ ಇದನ್ನು ತನ್ನಲ್ಲಿರುವ 0110ರೊಡನೆ ಮತ್ತೆ ಬೆರೆಸಿದರೆ 1011, ಅಂದರೆ ಅ2 ದೊರೆಯುತ್ತದೆ. ರಹೀಂ 1011ರೊಡನೆ ಬೆರೆಸಿದರೆ 0110, ಅಂದರೆ ಬ1. ಅರ್ಧ ಕಡತದ ರವಾನೆಯಲ್ಲಿ ಇಬ್ಬರ ಕೆಲಸವೂ ಆಯಿತು. ಗೀತಾಳಿಗೆ ಬೇಡವಾಗಿದ್ದ ಬ1 ಭಾಗವೇ ಸಂದೇಶವನ್ನು ಬಿಡಿಸಲು ನೆರವಾಯಿತು.

ಬಳಕೆದಾರರು ಹೆಚ್ಚಿದಂತೆ ಲಾಭವೂ ಹೆಚ್ಚುತ್ತದೆ. 30 ಕಡತಗಳು, 30 ಬಳಕೆದಾರರು, ಪ್ರತಿಯೊಬ್ಬರಲ್ಲಿ 10 ಕಡತಗಳಷ್ಟು ಸ್ಮೃತಿ ಇರಲಿ. ಎಲ್ಲರೂ ಬೇರೆ ಬೇರೆ ಕಡತ ಕೇಳಿದರೆ, ಪ್ರತಿಯೊಬ್ಬರಿಗೂ ಮೂರನೆಯ ಎರಡು ಭಾಗ ಕಳುಹಿಸಬೇಕು. ಒಟ್ಟು 20 ಕಡತಗಳಷ್ಟು. ಬೆರೆಸಿ ಕಳುಹಿಸುವಾಗ ಪ್ರತಿ ಸಂದೇಶವೂ ಏಕಕಾಲದಲ್ಲಿ 11 ಮಂದಿಗೆ ಉಪಯುಕ್ತ. ಆದ್ದರಿಂದ 20/11, ಅಂದರೆ ಸುಮಾರು 1.8 ಕಡತಗಳಷ್ಟು ಸಾಕು!

ಆದರೆ ಒಂದು ತೊಡಕಿದೆ. ಈ ವಿಧಾನದಲ್ಲಿ ಕಡತದ ಪ್ರತಿ ತುಣುಕೂ ಬೇರೊಂದು ಹತ್ತು ಮಂದಿಯ ಗುಂಪಿನಲ್ಲಿರಬೇಕು. 30 ಮಂದಿಯಿಂದ 10 ಮಂದಿಯನ್ನು 3,00,45,015 ವಿಧಗಳಲ್ಲಿ ಆರಿಸಬಹುದು; ಕಡತವನ್ನು ಅಷ್ಟೇ ತುಣುಕು ಮಾಡಬೇಕು. ಒಂದು ಗಿಗಾಬೈಟ್ ಕಡತದ ಒಂದು ತುಣುಕಿಗೆ ಉಳಿಯುವುದು ಸುಮಾರು 266 ಬಿಟ್ ಮಾತ್ರ. ಯಾವ ತುಣುಕುಗಳು ಬೆರೆತಿವೆ ಎಂದು ಸೂಚಿಸುವ ಮಾಹಿತಿಯೇ ಇದಕ್ಕೆ ಹೊರೆಯಾದೀತು. ಲಾಭವನ್ನು ಹೆಚ್ಚು ಬಿಟ್ಟುಕೊಡದೆ ತುಣುಕುಗಳ ಸಂಖ್ಯೆಯನ್ನು ಇಳಿಸುವುದು ಹೇಗೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿದಂತೆ ಹಲವೆಡೆ ಇದರ ಬಗ್ಗೆ ಸಂಶೋಧನೆ ನಡೆದಿದೆ.

ತರಗತಿಯಲ್ಲಿ ಇಬ್ಬರು ವಿದ್ಯಾರ್ಥಿಗಳಿಗೆ ನಾಲ್ಕು ಬಿಟ್‌ಗಳ ಚೀಟಿಗಳನ್ನು ಕೊಟ್ಟು ಈ ಲೆಕ್ಕವನ್ನು ಮಾಡಿಸಬಹುದು. ಇಬ್ಬರೂ ಒಂದೇ ಕಡತ ಕೇಳಿದರೆ ಏನನ್ನು ಬೆರೆಸಬೇಕು? ಅವರೇ ಕಂಡುಕೊಳ್ಳಲಿ.