ಟಿಬೆಟಿನ ಕುದುರೆ ಕವಚ: ಕಬ್ಬಿಣಕ್ಕೆ ತೊಗಲಿನ ಜೊತೆ

ಲ್ಹಾಸಾದಲ್ಲಿ ಹೊಸ ವರ್ಷದ ಬೆನ್ನಿಗೇ ನಡೆಯುತ್ತಿದ್ದ ಮೊನ್ಲಮ್ ಪ್ರಾರ್ಥನಾ ಉತ್ಸವದಲ್ಲಿ, ಇಪ್ಪತ್ತನೇ ಶತಮಾನದ ನಡುಭಾಗದವರೆಗೂ ಕವಚ ತೊಟ್ಟ ಸವಾರರು ಮೆರವಣಿಗೆ ಹೊರಡುತ್ತಿದ್ದರು. ರಣರಂಗದಲ್ಲಿ ಬಳಕೆ ತಪ್ಪಿದ ಯುದ್ಧಸಾಮಗ್ರಿ ಟಿಬೆಟಿನಲ್ಲಿ ಉಳಿದುಬರಲು ಇಂಥ ಉತ್ಸವಗಳು ದೊಡ್ಡ ಕಾರಣ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ 2006ರಲ್ಲಿ ಟಿಬೆಟಿನ ಆಯುಧ, ಕವಚಗಳದೇ ಒಂದು ಪ್ರದರ್ಶನ ನಡೆಸಿದಾಗ ಅಪರೂಪದ ಕುದುರೆ ಕವಚಗಳೂ ಜನರ ಕಣ್ಣಿಗೆ ಬಿದ್ದವು.

ಕುದುರೆಯ ಮುಖ, ಕತ್ತು, ಎದೆ, ಪಕ್ಕೆ, ಹಿಂಭಾಗಕ್ಕೆ ಬೇರೆ ಬೇರೆ ಹೊದಿಕೆಗಳಿರುತ್ತಿದ್ದವು. ಇಡೀ ಮೈಗೆ ಕಬ್ಬಿಣದ ಹಾಳೆ ಹೊದಿಸಿದರೆ ಕುದುರೆ ಓಡಲಾರದು. ಆದ್ದರಿಂದ ಸಣ್ಣ ಸಣ್ಣ ತಗಡುಗಳಿಗೆ ತೂತು ಕೊರೆದು, ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ತೊಗಲಿನ ಬಾರಿನಿಂದ ಹೆಣೆಯುತ್ತಿದ್ದರು. ಏಟು ಬಿದ್ದಾಗ ಅದರ ಬಲ ಅಕ್ಕಪಕ್ಕದ ತಗಡುಗಳಿಗೆ ಹಂಚಿಹೋಗುತ್ತದೆ; ಬಾರು ಬಾಗುವುದರಿಂದ ಕವಚ ಮೈಯ ಚಲನೆಗೆ ಒಗ್ಗುತ್ತದೆ.

ಕೆಲವು ಭಾಗಗಳು ದಪ್ಪ ತೊಗಲಿನವೇ. ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳು ತೊಗಲಿನಲ್ಲಿ ಅಡ್ಡಾದಿಡ್ಡಿ ಹೆಣೆದುಕೊಂಡಿರುತ್ತವೆ. ಅದಕ್ಕೇ ಅದು ಹಗುರವಾದರೂ ಸುಲಭವಾಗಿ ಹರಿಯದು. ಅದರ ಶತ್ರು ತೇವ. ತೊಗಲಿನ ಮೇಲೆ ಚಿನ್ನದ ಚಿತ್ತಾರ ಬಿಡಿಸಿ ಅರಗನ್ನೂ ಲೇಪಿಸುತ್ತಿದ್ದರು. ನಮ್ಮ ಚನ್ನಪಟ್ಟಣದ ಬೊಂಬೆಗಳಿಗೆ ಬಣ್ಣ, ಹೊಳಪು ಕೊಡುವುದೂ ಅರಗೇ. ಮರದ ಕೊಂಬೆಗಳ ಮೇಲೆ ಬದುಕುವ ಪುಟ್ಟ ಕೀಟ ಸ್ರವಿಸುವ ಈ ರಾಳ ಒಣಗಿದ ಮೇಲೆ ನೀರಿನಲ್ಲಿ ಕರಗುವುದಿಲ್ಲ. ಸುಮಾರು 3,650 ಮೀಟರ್ ಎತ್ತರದಲ್ಲಿರುವ ಲ್ಹಾಸಾದ ಒಣ, ತಂಪು ಹವೆಯಲ್ಲಿ ತೊಗಲು ಕೊಳೆಸುವ ಸೂಕ್ಷ್ಮಜೀವಿಗಳೂ ನಿಧಾನವಾಗಿ ಬೆಳೆಯುತ್ತವೆ.

ಕವಚದ ಕಾಲ ತಿಳಿಸುವುದರಲ್ಲೂ ತೊಗಲೇ ಮುಂದು. ಬರಹವಿಲ್ಲದ ಕಬ್ಬಿಣದ ತಗಡನ್ನು ನೋಡಿ ವಯಸ್ಸು ಹೇಳುವುದು ಕಷ್ಟ. ತೊಗಲಿನಲ್ಲಿ ಹಾಗಲ್ಲ. ಪ್ರಾಣಿ ಮೇವಿನ ಮೂಲಕ ಪಡೆದ ಕಾರ್ಬನ್-14 ಅದರಲ್ಲಿರುತ್ತದೆ. ಪ್ರಾಣಿ ಸತ್ತ ಮೇಲೆ ಹೊಸದು ಸೇರುವುದಿಲ್ಲ; ಇದ್ದದ್ದು ಕ್ಷಯಿಸುತ್ತಾ ಸುಮಾರು 5,730 ವರ್ಷಗಳಲ್ಲಿ ಅರ್ಧಕ್ಕಿಳಿಯುತ್ತದೆ. ಉಳಿದಿರುವುದನ್ನು ಅಳೆದರೆ ಕಾಲ ಅಂದಾಜಿಗೆ ಸಿಗುತ್ತದೆ. ಉಳಿದಿರುವ ಕುದುರೆ ಕವಚಗಳಲ್ಲಿ ಹಲವನ್ನು ತಜ್ಞರು 15ರಿಂದ 17ನೇ ಶತಮಾನದವೆಂದು ಗುರುತಿಸಿದ್ದಾರೆ. ಒಂದು ಎಚ್ಚರಿಕೆ ಮಾತ್ರ ಬೇಕು: ಬಾರು ಸವೆದಾಗ ಹೊಸದನ್ನು ಹಾಕುತ್ತಿದ್ದರು. ಹಾಗಾಗಿ ಬಾರಿನ ವಯಸ್ಸೇ ತಗಡಿನ ವಯಸ್ಸಾಗಬೇಕಿಲ್ಲ.

ನಿಮ್ಮ ಮನೆಯಲ್ಲೋ ಊರ ಗುಡಿಯಲ್ಲೋ ಹಳೆಯ ಕತ್ತಿ, ಗುರಾಣಿ ಇದ್ದರೆ, ಲೋಹಕ್ಕೆ ಹೊಳಪು ಕೊಡುವ ಉತ್ಸಾಹದಲ್ಲಿ ಜೀರ್ಣವಾದ ತೊಗಲು, ಬಟ್ಟೆ, ದಾರಗಳನ್ನು ಕಿತ್ತೆಸೆಯಬೇಡಿ. ಆ ವಸ್ತುವಿನ ಚರಿತ್ರೆಗೆ ಅವೇ ಸಾಕ್ಷಿಯಾಗಬಹುದು.