ಎಳೆಯರಿಗೆ ತಕ್ಕ ಭೂತದ ಪುಸ್ತಕಗಳು

ಅಕ್ಟೋಬರ್ ಮಾಸವು ಮೊದಲಾಗುತ್ತಲೇ ಅಮೆರಿಕಾ ದೇಶದ ಬೀದಿಬೀದಿಗಳಲ್ಲಿ, ಮನೆಗಳ ಮುಂದೆ, ಕೊರೆದ ಕುಂಬಳಕಾಯಿಗಳು ಹಲ್ಲು ಕಿರಿಯತೊಡಗುವುವು. ಆ ತಿಂಗಳ 31ನೆಯ ದಿನದ ಹ್ಯಾಲೋವೀನ್ ಎಂಬ ಹಬ್ಬಕ್ಕೆ ಇದು ಪೂರ್ವರಂಗ. ಮರುದಿನ ಕ್ರೈಸ್ತರು ಸಕಲ ಸಂತರನ್ನು ಸ್ಮರಿಸುವರು. ಅದರ ಹಿಂದಣ ಸಂಜೆಯೆಂಬ ಅರ್ಥದಿಂದಲೇ ಈ ಹೆಸರು ಹುಟ್ಟಿತು. ಐರ್ಲೆಂಡಿನವರು ಟರ್ನಿಪ್ ಗೆಡ್ಡೆಯನ್ನು ಕೊರೆದು ಅದರೊಳಗೆ ದೀಪವಿಡುತ್ತಿದ್ದರಂತೆ; ಅಮೆರಿಕಕ್ಕೆ ಬಂದ ಮೇಲೆ ಆ ಪದವಿಯು ಕುಂಬಳಕಾಯಿಗೆ ದೊರೆಯಿತು. ಮಕ್ಕಳು ಭೂತಪಿಶಾಚಗಳ ವೇಷ ತೊಟ್ಟು ಮನೆಮನೆಗೂ ಹೋಗಿ ಮಿಠಾಯಿ ಬೇಡುವರು. ಇದನ್ನು ನಮ್ಮ ಮಹಾಲಯಕ್ಕೆ ಹೋಲಿಸುವ ಕನ್ನಡಿಗರನ್ನು ಅಲ್ಲಿ ಕಂಡೆವು. ಪಿತೃಗಳಿಗಿಡುವ ಎಡೆಗೂ ಮಿಠಾಯಿಯ ಚೀಲಕ್ಕೂ ಇರುವ ಸಾದೃಶ್ಯವು ನಮ್ಮ ಬುದ್ಧಿಗೆ ನಿಲುಕಲಿಲ್ಲ. ಅದಿರಲಿ.

ಕಳೆದ ವರ್ಷ ಆ ಕಾಲದಲ್ಲಿ ನಾವು ನ್ಯೂ ಜೆರ್ಸಿಯಲ್ಲಿರುವ ಮಗಳ ಮನೆಯಲ್ಲಿದ್ದೆವು. ಮಲಗುವ ಮುನ್ನ ಮೊಮ್ಮಕ್ಕಳಿಗೆ ಪುಸ್ತಕ ಓದಿ ಹೇಳುವ ಕೆಲಸವು ನಮ್ಮ ಪಾಲಿಗೆ ಬಂದಿತ್ತು. ಹುಡುಗನಿಗೆ ಎಂಟು ವರ್ಷ, ಹುಡುಗಿಗೆ ನಾಲ್ಕು. ಊರಿನ ಪುಸ್ತಕಾಲಯದಲ್ಲಿ ಹಬ್ಬದ ಪುಸ್ತಕಗಳನ್ನೆಲ್ಲ ಒಂದು ಮೇಜಿನ ಮೇಲೆ ಹರಡಿದ್ದರು. ನಾವು ಮುಖಪತ್ರದ ಚಿತ್ರ ನೋಡಿ ನಾಲ್ಕೈದನ್ನು ಆರಿಸಿ ತಂದೆವು. ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದವರಿಗೆ ಇದರಲ್ಲಿ ಅರಿಯದುದೇನಿದೆಯೆಂಬ ಗರ್ವವೂ ಇತ್ತು.

ಅವುಗಳಲ್ಲಿ ಆಲ್ವಿನ್ ಷ್ವಾರ್ಟ್ಸ್ ಎಂಬಾತನು 1984ರಲ್ಲಿ ಪ್ರಕಟಿಸಿದ 'ಇನ್ ಎ ಡಾರ್ಕ್, ಡಾರ್ಕ್ ರೂಮ್' ಒಂದು. ಅದರ ಒಂದು ಕಥೆಯಲ್ಲಿ ಜೆನ್ನಿಯೆಂಬ ಹೆಣ್ಣು ಕೊರಳಿಗೆ ಸದಾ ಹಸಿರು ರಿಬ್ಬನ್ನು ಕಟ್ಟಿಕೊಂಡಿರುವಳು. ಮುದುಕಿಯಾಗಿ ಸಾಯುವ ಹೊತ್ತಿಗೆ ಗಂಡನು ಅದನ್ನು ಬಿಚ್ಚಲು, ತಲೆಯು ಉರುಳಿ ಬೀಳುವುದು. ಹುಡುಗನು ಹೊಟ್ಟೆ ಹಿಡಿದು ನಕ್ಕು, ಇನ್ನೊಮ್ಮೆ ಓದಿರೆಂದನು. ಹುಡುಗಿಯು ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ಅಜ್ಜಿಯು ಜಡೆ ಹೆಣೆದು ರಿಬ್ಬನ್ನು ಕಟ್ಟಹೋದಾಗ ಮಗುವು ಕೊರಳನ್ನು ಎರಡು ಕೈಗಳಿಂದಲೂ ಹಿಡಿದುಕೊಂಡು ಚೀರಿಕೊಂಡಿತು. ಒಂದು ವಾರ ಅದು ದೀಪವಿಲ್ಲದೆ ಮಲಗಲಿಲ್ಲ. ಮಗಳು ನಮಗೆ ಏನೂ ಅನ್ನಲಿಲ್ಲ, ಅಂದಿದ್ದರೆ ಮೇಲಾಗಿತ್ತು.

ತಪ್ಪು ಪುಸ್ತಕದ್ದಲ್ಲ, ನಮ್ಮದು. ಭರತಮುನಿಯು ಭಯಾನಕವನ್ನೂ ರಸಗಳಲ್ಲಿ ಎಣಿಸಿದ್ದಾನೆ. ಆದರೆ ಭಯವು ರಸವಾಗಿ ಪರಿಣಮಿಸಬೇಕಾದರೆ, ಇದು ತನ್ನ ಮೇಲೆ ಎರಗಿದ ಆಪತ್ತಲ್ಲವೆಂಬ ಅರಿವು ಸಹೃದಯನಲ್ಲಿರಬೇಕಷ್ಟೆ. ಎಂಟು ವರ್ಷದವನಿಗೆ ಆ ಅರಿವು ಬಂದಿತ್ತು. ನಾಲ್ಕು ವರ್ಷದವಳಿಗೆ ಕಥೆಯ ರಿಬ್ಬನ್ನೂ ತಲೆಯ ರಿಬ್ಬನ್ನೂ ಒಂದೇ. ಪುರಂದರದಾಸರ ಕೀರ್ತನೆಯೊಂದರಲ್ಲಿ ಬಾಲಕೃಷ್ಣನೇ ಗುಮ್ಮನನ್ನು ಕರೆಯಬೇಡವೆಂದು ತಾಯಿಯನ್ನು ಬೇಡಿಕೊಳ್ಳುವನಲ್ಲವೆ? ಜಗದೊಡೆಯನಿಗೇ ಹೀಗಾದರೆ ನಮ್ಮ ಕೂಸುಗಳ ಪಾಡೇನು! ಈ ಶ್ಲೋಕಾರ್ಥಗಳೆಲ್ಲ ನಮಗೆ ನೆನಪಾದುದು ಮಗು ಅತ್ತ ಮೇಲೆ.

ಆ ಬಳಿಕ ನಾವು ಪ್ರತಿ ಪುಸ್ತಕವನ್ನೂ ಹಗಲಿನಲ್ಲಿ ಒಬ್ಬರೇ ಕುಳಿತು ಕೊನೆಯ ಪುಟದವರೆಗೂ ಓದಿ, ಅನಂತರವೇ ಮಕ್ಕಳ ಕೈಗೆ ಕೊಡುತ್ತ ಬಂದೆವು. ಕೊನೆಯ ಪುಟವೇ ಮುಖ್ಯ: ಅಲ್ಲಿ ಭಯವು ಇಳಿಯುವುದೋ, ತೂಗುತ್ತಲೇ ಉಳಿಯುವುದೋ ನೋಡಬೇಕು. ಹೊದಿಕೆಯ ಮೇಲೆ ಮುದ್ರಿಸಿದ ವಯಸ್ಸಿನ ಅಂಕೆಯನ್ನು ನಂಬಿ ಕೂರಲಾಗದು. ಅದನ್ನು ಹಾಕಿದವರು ನಮ್ಮ ಮಗುವನ್ನು ಕಂಡವರಲ್ಲ.

ಎರಡು ಮೂರು ವರ್ಷದವರಿಗೆ ಎಡ್ ಎಂಬರ್ಲಿಯ 'ಗೋ ಅವೇ, ಬಿಗ್ ಗ್ರೀನ್ ಮಾನ್‌ಸ್ಟರ್' (1992) ಎಂಬುದಕ್ಕಿಂತ ಒಳ್ಳೆಯದನ್ನು ನಾವು ಕಾಣೆವು. ಪುಟಗಳಲ್ಲಿ ರಂಧ್ರಗಳನ್ನು ಕತ್ತರಿಸಿದ್ದಾರೆ. ಮಗುಚುತ್ತ ಹೋದಂತೆ ಕಣ್ಣು, ಮೂಗು, ಹಲ್ಲು, ಹಸಿರು ಮೋರೆ ಒಂದೊಂದಾಗಿ ಕೂಡಿ ರಾಕ್ಷಸನು ಸಿದ್ಧನಾಗುವನು. ಮುಂದಿನ ಪುಟಗಳಲ್ಲಿ ಮಗುವು ಆಜ್ಞಾಪಿಸಿದಂತೆ ಒಂದೊಂದೇ ಅಂಗವು ಮಾಯವಾಗುವುದು. ರಾಕ್ಷಸನನ್ನು ಓಡಿಸುವ ಅಧಿಕಾರವು ಮಗುವಿನ ಬೆರಳಿನಲ್ಲಿದೆ.

ನಾಲ್ಕೈದು ವರ್ಷದವರಿಗೆ ರಾಬರ್ಟ್ ಬ್ರೈಟನ 'ಜಾರ್ಜಿ' ತಕ್ಕುದು. 1944ರಷ್ಟು ಹಳೆಯದು, ನಮಗೆ ಎಲ್ಲಕ್ಕಿಂತ ಪ್ರಿಯವಾದುದೂ ಇದೇ. ಅಟ್ಟದಲ್ಲಿ ವಾಸಿಸುವ ಈ ಪುಟ್ಟ ಭೂತವು ರಾತ್ರಿ ಮೆಟ್ಟಿಲ ಹಲಗೆಯನ್ನೂ ಬಾಗಿಲನ್ನೂ ಕಿರುಗುಟ್ಟಿಸಿದರೆ ಮನೆಯವರಿಗೆ ಮಲಗುವ ಹೊತ್ತು ತಿಳಿಯುವುದು. ಯಜಮಾನನು ಹಲಗೆಗೆ ಮೊಳೆ ಹೊಡೆದು ಕೀಲಿಗೆ ಎಣ್ಣೆ ಬಿಡಲು, ಪಾಪ, ಭೂತಕ್ಕೆ ಉದ್ಯೋಗ ಹೋಯಿತು! ಮನೆ ಬಿಟ್ಟು ಅಲೆದ ಅದು ಚಳಿಗಾಲ ಕಳೆದು ಮರವೂ ಕೀಲೂ ಮತ್ತೆ ಸದ್ದು ಮಾಡುವಂತಾದಾಗ ಮನೆ ಸೇರುವುದು. ನಿವೃತ್ತರಾದ ಉಪಾಧ್ಯಾಯರು ಇದನ್ನು ನಿರ್ವಿಕಾರವಾಗಿ ಓದಲಾರರು. ಇದೇ ವಯಸ್ಸಿಗೆ ಲಿಂಡಾ ವಿಲಿಯಮ್ಸ್ ಬರೆದ ಅಂಜದ ಮುದುಕಿಯ ಕಥೆಯೂ (1986) ಸೊಗಸು. ಬೂಟು, ಷರಾಯಿ, ಅಂಗಿ, ಕೈಗವಸು, ಟೊಪ್ಪಿಗೆ, ಕೊನೆಗೆ ಕುಂಬಳಕಾಯಿಯ ತಲೆ, ಒಂದೊಂದಾಗಿ ಅವಳನ್ನು ಕಾಡಿನ ದಾರಿಯಲ್ಲಿ ಬೆನ್ನಟ್ಟುವುವು. ಬೆಳಗಾಗುವಾಗ ಅವೆಲ್ಲ ಕೂಡಿ ಅವಳ ತೋಟದ ಬೆದರುಬೊಂಬೆಯಾಗಿರುವುವು. ಕೇಳುತ್ತ ಮಕ್ಕಳು ಕಾಲು ಕುಟ್ಟಿ ಚಪ್ಪಾಳೆ ತಟ್ಟುವರು. ಜೂಲಿಯಾ ಡೊನಾಲ್ಡ್‌ಸನ್ನಳ 'ರೂಮ್ ಆನ್ ದ ಬ್ರೂಮ್' (2001) ಬಲ್ಲವರು ಬಹುಮಂದಿ, ಹೆಚ್ಚು ಹೇಳಬೇಕಾದುದಿಲ್ಲ.

ಮಾರಿಸ್ ಸೆಂಡಾಕನ 'ವೇರ್ ದ ವೈಲ್ಡ್ ಥಿಂಗ್ಸ್ ಆರ್' (1963) ಹಬ್ಬಕ್ಕಾಗಿ ಬರೆದುದಲ್ಲ. ಆದರೂ ತೋಳನ ವೇಷ ತೊಟ್ಟು ತುಂಟಾಟ ಮಾಡಿ, ಉಪವಾಸದ ಶಿಕ್ಷೆ ಪಡೆದ ಹುಡುಗನ ಈ ಕಥೆಯನ್ನು ಐದಾರು ವರ್ಷದವರಿಗೆ ಅವಶ್ಯವಾಗಿ ಓದಬೇಕು. ಕೋಪ ಬೆಳೆದಂತೆ ಚಿತ್ರವೂ ಬೆಳೆದು ಪುಟಗಳನ್ನೆಲ್ಲ ಆವರಿಸಿ, ನಡುವೆ ಮಾತೇ ಇಲ್ಲದಾಗುವುದು. ಅವನು ಮನೆಗೆ ಮರಳಿದಾಗ ಊಟವು ಬಿಸಿಯಾಗಿಯೇ ಕಾದಿರುವುದು. ಎಂಟು ದಾಟಿದವರಿಗೆ ಕ್ರಿಸ್ ವ್ಯಾನ್ ಆಲ್ಸ್‌ಬರ್ಗನ 'ದ ವಿಡೋಸ್ ಬ್ರೂಮ್' (1992) ಕೊಡಿರಿ. ಅಲ್ಲಿ ಭಯಪಡಬೇಕಾದುದು ಮಾಟಗಾತಿಯ ಪೊರಕೆಗೋ, ಅದನ್ನು ಸುಡಹೊರಟ ನೆರೆಯವರಿಗೋ ಎಂದು ನಮ್ಮ ಹುಡುಗನು ಎರಡು ದಿನ ವಾದಿಸಿದನು.

ಹಬ್ಬದ ರಾತ್ರಿ ಹುಡುಗಿಯು ತಾನಾಗಿಯೇ ಹಸಿರು ರಾಕ್ಷಸನ ಪುಸ್ತಕವನ್ನು ತಂದು ನಮ್ಮ ಪಕ್ಕದಲ್ಲಿ ಕುಳಿತಳು. ನಾವು ಪುಟ ತಿರುವಹೋದಾಗ ನಮ್ಮ ಕೈಯನ್ನು ಸರಿಸಿ, "ತಾತಾ, ನಿಮಗೆ ಹೆದರಿಕೆಯಾದರೆ ಹೇಳಿ, ಮುಚ್ಚಿಬಿಡುತ್ತೇನೆ" ಎಂದಳು. ರಿಬ್ಬನ್ನನ್ನು ಮಾತ್ರ ನಾವು ಹೊರಡುವ ದಿನದವರೆಗೂ ಅವಳು ಕಟ್ಟಗೊಡಲಿಲ್ಲ.