ಹಿಟ್ನಾಳಕ್ಕೊಂದು ಪೇಟೆ ಬೇಕಾಗಿದೆ

ಹೊಸಪೇಟೆಯಿಂದ ತುಂಗಭದ್ರೆಯನ್ನು ದಾಟಿ ಬರುವ ಹೆದ್ದಾರಿ ಹಿಟ್ನಾಳದ ಬಳಿ ಕವಲೊಡೆಯುತ್ತದೆ. ಒಂದು ಕವಲು ಕೊಪ್ಪಳ, ಗದಗದ ಕಡೆಗೆ; ಇನ್ನೊಂದು ಕುಷ್ಟಗಿ, ವಿಜಯಪುರದ ಕಡೆಗೆ. ಈಚೆಗೆ ಆ ದಾರಿಯಲ್ಲಿ ಪ್ರಯಾಣಿಸುವಾಗ ಹೊಲಗಳ ನಡುವೆ ನಿವೇಶನಗಳ ಗಡಿಕಲ್ಲುಗಳು ಸಾಲಾಗಿ ನಿಂತಿರುವುದನ್ನು ಕಂಡೆ. ಮುನಿರಾಬಾದಿನ ಅಣೆಕಟ್ಟೆಯ ಕಾಲೊನಿ, ಹುಲಿಗೆಮ್ಮನ ಸನ್ನಿಧಿಯಾದ ಹುಲಿಗಿ, ಬೇವಿನಹಳ್ಳಿ ಮತ್ತು ಗಿಣಿಗೇರಿಯ ಕಬ್ಬಿಣದ ಕಾರ್ಖಾನೆಗಳು, ಇವುಗಳ ನಡುವಿನ ಬಯಲು ಒಂದೇ ವಸತಿ ಪ್ರದೇಶವಾಗುವ ದಿನ ದೂರವಿಲ್ಲ. ಬಡಾವಣೆಗೊಂದು ಉದ್ಯಾನ, ಒಂದು ನಾಗರಿಕ ಸೌಲಭ್ಯ ನಿವೇಶನವನ್ನು ನಕ್ಷೆಯಲ್ಲಿ ತೋರಿಸಲಾಗುತ್ತದೆ. ಆದರೆ ಅಷ್ಟೂ ಬಡಾವಣೆಗಳಿಗೆ ಸೇರಿ ಒಂದು ಪೇಟೆ ಎಲ್ಲಿ ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಕೇಳದೇ ಇದ್ದವರಲ್ಲಿ ನಾನೂ ಒಬ್ಬ. ಸೇವೆಯಲ್ಲಿದ್ದಾಗ, ಬೇರೊಂದು ಜಿಲ್ಲೆಯ ಸಣ್ಣ ಪಟ್ಟಣದ ಹೊಸ ವಿಸ್ತರಣೆಯ ನಕ್ಷೆಗೆ ರುಜು ಹಾಕಿದ್ದೆ. ಮಾರುಕಟ್ಟೆಗೆಂದು ಎರಡು ಎಕರೆ ಜಾಗವನ್ನು ಬಡಾವಣೆಯ ತುದಿಯಲ್ಲಿ ಬಿಟ್ಟಿದ್ದೆವು, ಏಕೆಂದರೆ ಅಲ್ಲಿ ನೆಲ ಅಗ್ಗವಾಗಿತ್ತು. ಮಳಿಗೆಗಳನ್ನು ಕಟ್ಟಿ ಹರಾಜು ಹಾಕಿದೆವು. ಕೂಗಿದವರು ವ್ಯಾಪಾರ ಮಾಡುವವರಲ್ಲ, ಮುಂದೆ ಬೆಲೆ ಏರೀತೆಂದು ಹಣ ಹೂಡುವವರು. ತರಕಾರಿ ಮಾರುವ ಹೆಂಗಸರಿಗೆ ಠೇವಣಿ ಕಟ್ಟುವ ಶಕ್ತಿ ಎಲ್ಲಿಂದ ಬರಬೇಕು? ಬಸ್ಸು ಒಳಗೆ ಬರಲಿಲ್ಲ. ಸಂತೆ ಹಳೆಯ ಊರಲ್ಲೇ ಉಳಿಯಿತು. ಮೂರು ವರ್ಷದ ನಂತರ ಹೋದಾಗ ಮಳಿಗೆಗಳ ಮುಂದೆ ಬಳ್ಳಾರಿ ಜಾಲಿ ಆಳೆತ್ತರ ಬೆಳೆದಿತ್ತು. ಅರ್ಥಶಾಸ್ತ್ರದ ಎಂ.ಎ. ಪದವೀಧರನಾದ ನನಗೆ ಅಂಗಡಿ ಗಿರಾಕಿಯನ್ನು ಹುಡುಕಿಕೊಂಡು ಹೋಗುತ್ತದೆ ಎಂಬ ಮೊದಲ ಪಾಠವನ್ನು ಆ ಜಾಲಿಯೇ ಕಲಿಸಬೇಕಾಯಿತು.

ಉತ್ತರ ಕರ್ನಾಟಕದಲ್ಲಿ ಈ ವಿಷಯಕ್ಕೆ ದೊಡ್ಡ ಉದಾಹರಣೆ ಬಾಗಲಕೋಟೆಯ ನವನಗರ. ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿಗೆ ಮನೆಮಠ ಕಳೆದುಕೊಂಡವರಿಗಾಗಿ ಈ ಊರನ್ನು ಯೋಜಿಸಿದವರು ಚಾರ್ಲ್ಸ್ ಕೊರಿಯಾ. 1997ರಲ್ಲಿ ಕೊಪ್ಪಳದಂತೆ ಬಾಗಲಕೋಟೆಯೂ ಜಿಲ್ಲೆಯಾದದ್ದು ನವನಗರಕ್ಕೆ ಬಲ ತಂದಿತು, ಜಿಲ್ಲಾ ಕಚೇರಿಗಳು ಅಲ್ಲಿಗೆ ಬಂದವು. ಆದರೂ ವಿಳಾಸಕ್ಕೆ ಸೆಕ್ಟರ್ ಸಂಖ್ಯೆ ಬರೆಯುವ ನವನಗರದವರು ‘ಪೇಟೆಗೆ ಹೋಗಿ ಬರುತ್ತೇನೆ’ ಎಂದಾಗ ಅನೇಕ ಸಲ ಹೊರಡುವುದು ವಿದ್ಯಾಗಿರಿಯನ್ನು ದಾಟಿ, ಹಿನ್ನೀರಿನ ಅಂಚಿನಲ್ಲಿರುವ ಹಳೆಯ ಊರಿಗೆ. ಇದು ಕೊರಿಯಾ ಅವರ ಪ್ರತಿಭೆಯ ಕೊರತೆಯೆಂದು ನಾನು ಹೇಳಲಾರೆ. ಕಚೇರಿಯನ್ನು ಒಂದು ಆದೇಶದಿಂದ ಸ್ಥಳಾಂತರಿಸಬಹುದು. ಜವಳಿ ಅಂಗಡಿಯವನ ಉದ್ರಿ ಲೆಕ್ಕ, ಅವನ ಮೇಲೆ ಮೂರು ತಲೆಮಾರಿನ ನಂಬಿಕೆ, ಇವು ಆದೇಶಕ್ಕೆ ಬಗ್ಗುವುದಿಲ್ಲ.

ಕೊರಿಯಾ ಅವರು ಹಿಂದೆ ದುಡಿದಿದ್ದ ನವಿ ಮುಂಬಯಿಯ ಕಥೆಯೂ ಇದನ್ನೇ ಹೇಳುತ್ತದೆ. ಅದರ ನಿರ್ಮಾಣಕ್ಕೆಂದು ಸಿಡ್ಕೊ ಸ್ಥಾಪನೆಯಾದದ್ದು 1970ರಲ್ಲಿ. ಉಪನಗರ ರೈಲು ವಾಶಿಯನ್ನು ಮುಟ್ಟಿದ್ದು 1992ರಲ್ಲಿ. ನಡುವಿನ ಎರಡು ದಶಕ ಅಲ್ಲಿ ಮನೆ ಮಾಡಿದವರು ಕೊಲ್ಲಿ ದಾಟಲು ಬಸ್ಸನ್ನೇ ಕಾಯಬೇಕಾಗಿತ್ತು.

ಬೆಂಗಳೂರಿನ ಓದುಗರಿಗೆ ಹತ್ತಿರದ ನಿದರ್ಶನ ಜಯನಗರ. 1948ರಲ್ಲಿ ರಾಜಾಜಿಯವರು ಶಂಕುಸ್ಥಾಪನೆ ಮಾಡಿದ ಈ ಬಡಾವಣೆಯ ನಾಲ್ಕನೇ ಬ್ಲಾಕಿನಲ್ಲಿ ವಾಣಿಜ್ಯ ಸಂಕೀರ್ಣ ಮತ್ತು ಬಸ್ ನಿಲ್ದಾಣ ಅಕ್ಕಪಕ್ಕದಲ್ಲಿವೆ. ಸಂಕೀರ್ಣದ ಕಟ್ಟಡವನ್ನು ಸುಂದರ ಎನ್ನಲು ನನಗೆ ಧೈರ್ಯವಿಲ್ಲ. ಅಲ್ಲಿದ್ದ ಪುಟ್ಟಣ್ಣ ಚಿತ್ರಮಂದಿರವೂ ಈಗಿಲ್ಲ. ಆದರೆ ಕಚೇರಿಯಿಂದ ಮರಳುವವನು ಬಸ್ಸಿಳಿದು, ಸೊಪ್ಪು, ಹೂವು, ಮಗುವಿನ ನೋಟ್‌ಬುಕ್ಕು ಕೊಂಡು ನಡೆದೇ ಮನೆ ಸೇರಬಹುದು. ಅದು ಕೇಂದ್ರವಾದದ್ದು ಹೀಗೆ.

ಹಿಟ್ನಾಳದಲ್ಲಿ ಸದ್ಯಕ್ಕೆ ಈ ಕೆಲಸವನ್ನು ಹೆದ್ದಾರಿಯ ಕ್ರಾಸ್ ಮಾಡುತ್ತಿದೆ. ಅಂಗಡಿಗಳು ಲಾರಿಗಳಿಗೆ ಮುಖ ಮಾಡಿವೆ. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಮಗುವನ್ನು ಹಿಡಿದು ರಸ್ತೆ ದಾಟಲು ಕಾಯುತ್ತಿದ್ದ ತಾಯಿಯೊಬ್ಬಳನ್ನು ಅಂದು ಬಹಳ ಹೊತ್ತು ನೋಡಿದೆ. ಹೆದ್ದಾರಿ ಇನ್ನಷ್ಟು ಅಗಲವಾದರೆ ಅಂಗಡಿಗಳೂ ಹೋಗುತ್ತವೆ, ದಾಟುವುದೂ ಕಠಿಣವಾಗುತ್ತದೆ.

ಆದ್ದರಿಂದ ಪೇಟೆ ಹೆದ್ದಾರಿಯಿಂದ ಒಳಗೆ, ಹುಲಿಗಿಯ ಕಡೆಗೆ ಇರಲಿ ಎಂಬುದು ನನ್ನ ಅಭಿಪ್ರಾಯ. ಮಂಗಳವಾರ, ಶುಕ್ರವಾರ ಮತ್ತು ಹುಣ್ಣಿಮೆಗೆ ಅಮ್ಮನ ದರ್ಶನಕ್ಕೆ ಬರುವ ಜನಸಾಗರ ಯಾವ ಯೋಜಕನೂ ಸೃಷ್ಟಿಸಲಾಗದ ಗಿರಾಕಿ. ಕಾರ್ಖಾನೆಗಳ ರಾತ್ರಿ ಪಾಳಿ ಮುಗಿಸಿ ಬರುವವರಿಗೆ ಆ ಹೊತ್ತಿನಲ್ಲಿ ಬಿಸಿ ಊಟ ಸಿಗಬೇಕು. ಮೊದಲು ಬಸ್ ನಿಲ್ದಾಣ, ಅದರ ಪಕ್ಕದಲ್ಲೇ ಠೇವಣಿಯಿಲ್ಲದೆ ದಿನದ ಸುಂಕಕ್ಕೆ ಕೂರಬಹುದಾದ ಸಂತೆಕಟ್ಟೆ, ಬೇವಿನ ಮರಗಳ ನೆರಳು; ಆಮೇಲೆ ಆಸ್ಪತ್ರೆ, ಗ್ರಂಥಾಲಯ, ಬ್ಯಾಂಕು. ಸರ್ಕಾರಿ ಕಚೇರಿಗಳು ಕೊನೆಗೆ ಬಂದರೂ ನಷ್ಟವಿಲ್ಲ. ಕಚೇರಿಯಲ್ಲೇ ಆಯುಷ್ಯ ಕಳೆದವನು ಹೀಗೆ ಬರೆದರೆ ಹಳೆಯ ಸಹೋದ್ಯೋಗಿಗಳು ಮುನಿಸಿಕೊಳ್ಳಲಾರರೆಂದು ನಂಬುತ್ತೇನೆ.

1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದ ಅಡಿಯಲ್ಲಿ, ಮಹಾ ಯೋಜನೆಯ ಮೂಲಕ ಇಂಥ ಉದ್ದೇಶಕ್ಕೆ ಭೂಮಿಯನ್ನು ಕಾಯ್ದಿರಿಸಲು ಅವಕಾಶವಿದೆ. ಕಾಯ್ದಿರಿಸಿದ ನೆಲಕ್ಕೆ ಸಕಾಲದಲ್ಲಿ ಪರಿಹಾರ ಕೊಟ್ಟು ವಶಪಡಿಸಿಕೊಳ್ಳದಿದ್ದರೆ ರೈತನಿಗೂ ಅನ್ಯಾಯ, ಊರಿಗೂ ನಷ್ಟ. ಇಂದು ಆ ಬಯಲಿನಲ್ಲಿ ಇನ್ನೂ ಮೆಕ್ಕೆಜೋಳ ನಿಂತಿದೆ. ಇನ್ನೊಂದಿಷ್ಟು ಗಡಿಕಲ್ಲುಗಳು ಎದ್ದ ಮೇಲೆ ಅದೇ ನೆಲವನ್ನು ಚದರ ಅಡಿಯ ಲೆಕ್ಕದಲ್ಲಿ ಕೊಳ್ಳಬೇಕಾಗುತ್ತದೆ.